ಲಕ್ರಾಸ್ ಆಡಿದರೆ ಎಷ್ಟು ಸಿಗುತ್ತದೆ: ಚಿ. ನಿಶಾಂತನಿಗೆ ಒಂದು ಪತ್ರ

ಕೊಲಂಬಿಯಾ, ಮೇರಿಲ್ಯಾಂಡ್

ಚಿ. ನಿಶಾಂತನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕನ್ನಡ ಓದೋದು ತಡವಾದರೆ ಅಮ್ಮನ ಕೈಲಿ ಓದಿಸಿಕೋ, ಅವಳೂ ನೋಡಬೇಕಾದ ಲೆಕ್ಕ ಇದರಲ್ಲಿದೆ. "ಪ್ರೊ ಆದರೆ ಎಷ್ಟು ಸಿಗುತ್ತೆ?" ಅಂತ ಕೇಳಿದ್ದೆಯಲ್ಲ. ಅಂಕಿಗಳನ್ನು ಫೋನಿನಲ್ಲಿ ಹೇಳಿದರೆ ನಿಲ್ಲೋದಿಲ್ಲ, ಅದಕ್ಕೇ ಕಾಗದ.

ಮೊದಲೇ ಹೇಳಿಬಿಡುತ್ತೇನೆ. ಬಲೆ ಕಟ್ಟಿದ ಕೋಲಿನಿಂದ ಚೆಂಡು ಎಸೆದು ಗೋಲು ಹೊಡೆಯುವ ನಿನ್ನ ಈ ಲಕ್ರಾಸ್‌ನಲ್ಲಿ ದುಡ್ಡು ಇರೋದು ಪ್ರೊ ಕಾಂಟ್ರಾಕ್ಟಿನ ಹಿಂದೆ ಮತ್ತು ಅದರ ಪಕ್ಕದಲ್ಲಿ. ಹಿಂದೆ ಅಂದರೆ ಕಾಲೇಜಿನ ಫೀಸು, ಪಕ್ಕದಲ್ಲಿ ಅಂದರೆ ಕೋಚಿಂಗು ಮತ್ತು ಇನ್ನೊಂದು ಕೆಲಸ. ಕಾಂಟ್ರಾಕ್ಟಿನ ಒಳಗಿರೋದು ಕಡಿಮೆ.

ಹೊರಾಂಗಣದ ಆಟಕ್ಕೆ ಈಗ ಇರೋದು ಪ್ರೀಮಿಯರ್ ಲಕ್ರಾಸ್ ಲೀಗ್, ಅಂದರೆ ಪಿಎಲ್ಎಲ್. ಹೆಸರಾಂತ ಆಟಗಾರ ಪಾಲ್ ರೇಬಿಲ್ ಮತ್ತು ಅವನ ಅಣ್ಣ ಮೈಕ್ ಕಟ್ಟಿದ್ದು, ಮೊದಲ ಸೀಸನ್ 2019ರಲ್ಲಿ. ಅದಕ್ಕೂ ಮೊದಲು 2001ರಿಂದ ಮೇಜರ್ ಲೀಗ್ ಲಕ್ರಾಸ್ ಇತ್ತು. ಅಲ್ಲಿ ಒಂದು ಸೀಸನ್ನಿಗೆ ಸರಾಸರಿ 8,000 ಡಾಲರ್ ಆಸುಪಾಸು, ಅಷ್ಟೇ. ಪಿಎಲ್ಎಲ್ ಬಂದಾಗ ಸರಾಸರಿ ಸುಮಾರು 35,000 ಅಂತ ವರದಿಯಾಯಿತು, ಜೊತೆಗೆ ಆರೋಗ್ಯ ವಿಮೆ, ಲೀಗಿನಲ್ಲೇ ಸ್ವಲ್ಪ ಪಾಲು. ಹಳೇ ಲೀಗು 2020ರ ಕೊನೆಗೆ ಇದರಲ್ಲೇ ಕರಗಿಹೋಯಿತು. ಸರಾಸರಿ ಅನ್ನೋ ಪದ ನೋಡಿ ಹಿಗ್ಗಬೇಡ. ಸ್ಟಾರ್‌ಗಳ ಸಂಬಳವೂ ಅದರಲ್ಲಿ ಸೇರಿರುತ್ತೆ, ಹೊಸಬ ಅದಕ್ಕಿಂತ ಕೆಳಗೇ ಶುರು ಮಾಡೋದು.

ಒಳಾಂಗಣದ್ದು, ನೀವು ಬಾಕ್ಸ್ ಅನ್ನೋದು, ನ್ಯಾಷನಲ್ ಲಕ್ರಾಸ್ ಲೀಗಿನದು. ಚಳಿಗಾಲದಲ್ಲಿ ಶುರು, ತಂಡಕ್ಕೆ 18 ಲೀಗ್ ಪಂದ್ಯ. ಅಲ್ಲಿ ಹೊಸಬನಿಗೆ ಹತ್ತು ಸಾವಿರದ ಆಸುಪಾಸು, ತಂಡದ ದೊಡ್ಡ ಹೆಸರಿಗೆ ಮೂವತ್ತು ಸಾವಿರ ಚಿಲ್ಲರೆ, ಇದೇ ಬಹಳ ವರ್ಷದ ಮಟ್ಟ. ಹಾಗಾಗಿ ಅಲ್ಲಿ ಆಡುವವರಲ್ಲಿ ಸ್ಕೂಲ್ ಮೇಷ್ಟ್ರು, ಅಗ್ನಿಶಾಮಕದವರು ತುಂಬಾ ಜನ. ಶುಕ್ರವಾರ ಸಂಜೆ ವಿಮಾನ ಹತ್ತಿ, ಶನಿವಾರ ಆಡಿ, ಸೋಮವಾರ ಬೆಳಿಗ್ಗೆ ಡ್ಯೂಟಿಗೆ ಹಾಜರು. ತಂಡಗಳೂ ಒಂದು ಕಡೆ ನಿಲ್ಲೋದಿಲ್ಲ. 2024ರಲ್ಲಿ ಫೋರ್ಟ್ ವರ್ತ್‌ನ ಪ್ಯಾಂಥರ್ ಸಿಟಿ ಬಾಗಿಲು ಹಾಕಿತು, ನ್ಯೂಯಾರ್ಕ್ ರಿಪ್‌ಟೈಡ್ ಗಂಟುಮೂಟೆ ಕಟ್ಟಿ ಕೆನಡಾದ ಒಟ್ಟಾವಾಗೆ ಹೋಯಿತು.

ಎರಡೂ ಲೀಗ್ ಆಡಬಹುದು, ಆಡುವವರಿದ್ದಾರೆ. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಶುರು. ಆದರೆ ಮೈಗೆ ಬಿಡುವು ಅನ್ನೋದೇ ಇರೋದಿಲ್ಲ. ಬಾಕ್ಸಿನಲ್ಲಿ ಗೋಡೆಗೆ ಸೇರಿಸಿ ಗುದ್ದುತ್ತಾರೆ, ಅದರ ಫಲ ಹೊರಾಂಗಣದ ಸೀಸನ್ನಿನಲ್ಲಿ ಗೊತ್ತಾಗುತ್ತೆ.

ನಿಮ್ಮಪ್ಪ ಇದನ್ನು ಅಮೆರಿಕನ್ ಫುಟ್‌ಬಾಲಿನ ಲೀಗು ಎನ್‌ಎಫ್‌ಎಲ್‌ಗೆ ಹೋಲಿಸುತ್ತಾನೆ. ಬೇಡ. ಅಲ್ಲಿ 2025ರಲ್ಲಿ ಹೊಸಬನ ಕನಿಷ್ಠ ಸಂಬಳವೇ 8,40,000 ಡಾಲರ್. ಹೋಲಿಸಲೇಬೇಕಿದ್ದರೆ ರಣಜಿಗೆ ಹೋಲಿಸಲಿ. 20 ಪಂದ್ಯ ದಾಟದ ಹುಡುಗನಿಗೆ ದಿನಕ್ಕೆ 40,000 ರೂಪಾಯಿ, ನಾಲ್ಕು ದಿನದ ಏಳು ಲೀಗ್ ಪಂದ್ಯ ಪೂರ್ತಿ ಆಡಿದರೆ 11.2 ಲಕ್ಷ. ಕರ್ನಾಟಕದ ಹನ್ನೊಂದರಲ್ಲಿ ಜಾಗ ಹಿಡಿದವನಿಗೂ ಐಪಿಎಲ್ ಇಲ್ಲದಿದ್ದರೆ ಲೆಕ್ಕ ಹೀಗೇ ಬಿಗಿ. ನಿನ್ನ ಆಟಕ್ಕೆ ಐಪಿಎಲ್ ಇನ್ನೂ ಹುಟ್ಟಿಲ್ಲ.

ಈಗ ಕೈಗೆ ಎಷ್ಟು ಬರುತ್ತೆ ನೋಡು. ಲೆಕ್ಕಕ್ಕೆ ವರ್ಷಕ್ಕೆ 30,000 ಡಾಲರ್ ಅಂತ ಇಟ್ಟುಕೋ, ಬೇರೆ ಆದಾಯ ಇಲ್ಲ, ವಾಸ ನಮ್ಮ ಹೋವರ್ಡ್ ಕೌಂಟಿಯಲ್ಲೇ. 2025ರ ಸ್ಟ್ಯಾಂಡರ್ಡ್ ಡಿಡಕ್ಷನ್ 15,750 ಕಳೆದರೆ ಫೆಡರಲ್ ತೆರಿಗೆ ಸುಮಾರು 1,470. ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಸೇರಿ 2,295. ರಾಜ್ಯ ಮತ್ತು ಕೌಂಟಿಗೆ ಸುಮಾರು 1,800. ಉಳಿದದ್ದು 24,400 ಚಿಲ್ಲರೆ, ಅಂದರೆ ತಿಂಗಳಿಗೆ ಸುಮಾರು 2,030. ಹಂಚಿಕೊಂಡ ಮನೆಯಲ್ಲಿ ಒಂದು ರೂಮಿಗೆ ಸಾವಿರ ತೆತ್ತು, ಕಾರಿನ ವಿಮೆ, ಪೆಟ್ರೋಲು, ಊಟ, ಜಿಮ್ಮು ಕಳೆದರೆ ಕೈ ಖಾಲಿ.

ಇದು ಡಬ್ಲ್ಯು-2 ನೌಕರನ, ಅಂದರೆ ಮಾಲೀಕನೇ ತೆರಿಗೆ ಹಿಡಿದು ಸಂಬಳ ಕೊಡುವವನ ಲೆಕ್ಕ. ಅದೇ 30,000 ದುಡ್ಡನ್ನು 1099 ಮೇಲೆ, ಅಂದರೆ ನೌಕರನಲ್ಲ, ಗುತ್ತಿಗೆಯವನು ಅಂತ ಕೊಟ್ಟರೆ 2,295ರ ಜಾಗದಲ್ಲಿ ಸ್ವಂತ ಉದ್ಯೋಗದ ತೆರಿಗೆ 4,239 ಆಗುತ್ತೆ, ಯಾಕೆಂದರೆ ಮಾಲೀಕ ಕಟ್ಟಬೇಕಾದ ಅರ್ಧವೂ ನಿನ್ನ ತಲೆಗೇ. ಯಾರೂ ಮೊದಲೇ ಹಿಡಿದುಕೊಳ್ಳೋದಿಲ್ಲ, ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15, ಜನವರಿ 15ಕ್ಕೆ ನೀನೇ ಕಟ್ಟಬೇಕು. ಹುಡುಗರು ಎಡವೋದು ಇಲ್ಲೇ. ಬಂದ ಚೆಕ್ಕನ್ನೆಲ್ಲ ಖರ್ಚು ಮಾಡಿ ಏಪ್ರಿಲ್‌ನಲ್ಲಿ ದಂಡದ ಜೊತೆ ಸಾಲ ಮಾಡಿ ಕಟ್ಟುತ್ತಾರೆ. ಪ್ರತಿ ಚೆಕ್ಕಿನಿಂದ ನೂರಕ್ಕೆ 25 ತೆಗೆದು ಬೇರೆ ಖಾತೆಗೆ ಹಾಕಿಬಿಡಬೇಕು, ಅದು ನಿನ್ನ ದುಡ್ಡಲ್ಲ ಅಂತಲೇ ತಿಳಿದು. ಇನ್ನೊಂದು ಕಿರಿಕಿರಿ, ಆಡಿದ ರಾಜ್ಯಗಳೂ ಅಲ್ಲಿ ಕಳೆದ ದಿನಗಳ ಲೆಕ್ಕದಲ್ಲಿ ತಮ್ಮ ಪಾಲು ಕೇಳುತ್ತವೆ. ಅದಕ್ಕೆ ಮೇರಿಲ್ಯಾಂಡ್ ಕ್ರೆಡಿಟ್ ಕೊಡುತ್ತೆ, ಆದರೆ ಐದಾರು ರಾಜ್ಯದ ರಿಟರ್ನ್ ತುಂಬುವ ಫೀಸು ನಿನ್ನದೇ.

ಕಾಂಟ್ರಾಕ್ಟ್ ಕೈಗೆ ಬಂದರೆ ಮೊತ್ತ ಆಮೇಲೆ ನೋಡು. ಮೊದಲು ಡಬ್ಲ್ಯು-2 ಹೌದೋ ಅಲ್ಲವೋ ನೋಡು. ಸಂಬಳ ಇಡೀ ಸೀಸನ್ನಿಗೋ, ಆಡಿದ ಪಂದ್ಯಕ್ಕೋ? ತಂಡದಲ್ಲಿ ಹೆಸರಿದ್ದ ಮಾತ್ರಕ್ಕೆ ಪಂದ್ಯದ ದಿನ ಎಲ್ಲರಿಗೂ ಜೆರ್ಸಿ ಸಿಗೋದಿಲ್ಲ, ಪಿಎಲ್ಎಲ್‌ನಲ್ಲಿ 25 ಜನರಲ್ಲಿ 19 ಜನ ಮಾತ್ರ ಕಣಕ್ಕೆ. ಮಂಡಿ ಹೋದರೆ ಸಂಬಳ ಎಲ್ಲಿಯವರೆಗೆ, ಆಪರೇಷನ್ ಯಾರ ಖರ್ಚು? ವಿಮೆ ಹನ್ನೆರಡು ತಿಂಗಳೋ, ಸೀಸನ್ ಮಾತ್ರವೋ? 26 ತುಂಬುವವರೆಗೆ ಅಪ್ಪನ ವಿಮೆಯಲ್ಲೇ ಇರಬಹುದು, ಅದನ್ನು ಬಿಡಬೇಡ.

ಕೋಲು, ಹೆಲ್ಮೆಟ್ ಕಂಪನಿಗಳ ಪ್ರಾಯೋಜಕತ್ವ ಅಂತ ಕೇಳಿರುತ್ತೀ. ಬಹುಪಾಲು ಆಟಗಾರರಿಗೆ ಅದು ಸಾಮಾನಿನ ರೂಪದಲ್ಲೇ ಬರೋದು, ಆ ಸಾಮಾನೂ ಆದಾಯ ಅಂತಲೇ ಲೆಕ್ಕ. ಪಾಲ್ ರೇಬಿಲ್‌ನನ್ನು ಮಿಲಿಯನ್ ಡಾಲರ್ ಆಟಗಾರ ಅಂದರಲ್ಲ, ಅದರಲ್ಲಿ ಲೀಗಿನ ಸಂಬಳ ಚಿಟಿಕೆಯಷ್ಟು, ಉಳಿದದ್ದೆಲ್ಲ ಜಾಹೀರಾತು, ಕ್ಯಾಂಪು, ವ್ಯವಹಾರ. ಅದು ಒಬ್ಬನ ಕಥೆ.

ಮಾಮೂಲಿ ಆಟಗಾರನ ಮನೆ ನಡೆಸೋದು ಪಾಠ. ನಮ್ಮ ಕಡೆ ಒಬ್ಬ ಹುಡುಗನಿಗೆ ಗಂಟೆಗೆ 90 ತಗೊಂಡೆ ಅಂದುಕೋ. ಆರು ಜನರ ಗುಂಪು ಮಾಡಿ ತಲೆಗೆ 40 ತಗೊಂಡರೆ ಅದೇ ಗಂಟೆಗೆ 240. ಆದರೆ ಆರೂ ಜನ ಒಂದೇ ಸ್ಥಾನದವರಿರಬೇಕು. ಗೋಲು ಕಾಯುವವನನ್ನೂ, ಆಟ ಶುರುವಾಗುವಾಗ ಚೆಂಡಿಗೆ ಸೆಣಸುವ ಫೇಸ್‌ಆಫ್ ಹುಡುಗನನ್ನೂ ಒಟ್ಟಿಗೆ ಹಾಕಿದರೆ ಇಬ್ಬರೂ ಮುಂದಿನ ವಾರ ಬರೋದಿಲ್ಲ. ದುಡ್ಡು ಐದೈದು ಕ್ಲಾಸಿನ ಕಟ್ಟಾಗಿ ಮುಂಗಡ ತಗೋಬೇಕು, ಇಲ್ಲದಿದ್ದರೆ ಮಳೆ ಬಂದ ದಿನ ಗಿರಾಕಿಯೂ ಇಲ್ಲ, ಕೌಂಟಿಗೆ ಕಟ್ಟಿದ ಮೈದಾನದ ಬಾಡಿಗೆಯೂ ಹೋಯಿತು. ಮಾರ್ಚ್‌ನಿಂದ ಮೇವರೆಗೆ ಮಕ್ಕಳು ಶಾಲೆಯ ತಂಡದಲ್ಲಿರುತ್ತಾರೆ, ಪಾಠಕ್ಕೆ ಬರೋದು ಕಡಿಮೆ. ಸೆಪ್ಟೆಂಬರ್‌ನಿಂದ ನವೆಂಬರ್, ಆಮೇಲೆ ಜನವರಿ, ಫೆಬ್ರುವರಿ, ಇವೇ ಸುಗ್ಗಿ. ಈ ದೇಶದ ಲಕ್ರಾಸ್ ಸಂಸ್ಥೆ ಯುಎಸ್‌ಎ ಲಕ್ರಾಸ್‌ನ ಸದಸ್ಯತ್ವದ ಜೊತೆ ವಿಮೆ ಬರುತ್ತೆ, ನೀನೇ ದುಡ್ಡು ತಗೊಂಡು ನಡೆಸುವ ಕ್ಲಾಸಿಗೂ ಅದು ಅನ್ವಯಿಸುತ್ತದೆಯೇ ಅಂತ ಬರಹದಲ್ಲಿ ಕೇಳಿ ಇಟ್ಟುಕೋ.

ನೀನು ಗೆಳೆಯರ ಕೋಲಿಗೆ ಬಲೆ ಕಟ್ಟಿಕೊಡುತ್ತೀಯಂತೆ. ಒಳ್ಳೇದು, ಪುಕ್ಕಟೆ ಕಟ್ಟಬೇಡ. ಕೊಡುವ ಮೊದಲು ಎರಡು ಸಲ ನೋಡು. ಚೆಂಡಿಟ್ಟು ಕಣ್ಣ ಮಟ್ಟಕ್ಕೆ ಹಿಡಿದಾಗ ಚೆಂಡಿನ ನೆತ್ತಿ ಕೋಲಿನ ತಲೆಯ ಪಕ್ಕದ ಗೋಡೆಯ ಕೆಳ ಅಂಚಿಗಿಂತ ಕೆಳಗೆ ಹೋಗಬಾರದು, ಮತ್ತು ಕೋಲು ಬೋರಲು ಮಾಡಿದರೆ ಚೆಂಡು ತಾನಾಗಿ ಬೀಳಬೇಕು. ಬಲೆಯ ಮೇಲ್ಭಾಗದಲ್ಲಿ ಅಡ್ಡ ಹೋಗುವ ಶೂಟಿಂಗ್ ದಾರ ಬಿಗಿಯಾದರೆ ಚೆಂಡು ಸಿಕ್ಕಿಕೊಂಡು ನೆಲಕ್ಕೆ ಹೊಡೆಯುತ್ತೆ. ಪಂದ್ಯದ ಮಧ್ಯೆ ರೆಫರಿ ಆ ಕೋಲನ್ನು ತೆಗೆದಿಟ್ಟರೆ ಮುಂದಿನ ಗಿರಾಕಿ ಬರೋದಿಲ್ಲ.

ಇನ್ನು ದೊಡ್ಡ ದುಡ್ಡಿನ ಮಾತು, ಕಾಲೇಜು. ಕಾಲೇಜು ಆಟದ ಮೇಲಿನ ದರ್ಜೆಯಾದ ಡಿವಿಷನ್ ಒಂದರ ಗಂಡುಮಕ್ಕಳ ತಂಡಕ್ಕೆ ಬಹುಕಾಲ ಇದ್ದದ್ದು 12.6 ಸ್ಕಾಲರ್‌ಶಿಪ್, ಅದನ್ನು ನಲವತ್ತು ಐವತ್ತು ಹುಡುಗರಿಗೆ ಹಂಚಬೇಕು. ಕಾಲೇಜು ಆಟಗಾರರು ಹಾಕಿದ ಮೊಕದ್ದಮೆಯಲ್ಲಿ ಆದ 2025ರ 'ಹೌಸ್' ಒಪ್ಪಂದಕ್ಕೆ ಸೇರಿದ ಕಾಲೇಜುಗಳಿಗೆ ಆ ಮಿತಿ ಹೋಗಿ 48 ಜನರ ತಂಡದ ಮಿತಿ ಬಂದಿದೆ. ಮಿತಿ ಹೋಯಿತು ಅಂದಮಾತ್ರಕ್ಕೆ ಕಾಲೇಜು 48 ಜನಕ್ಕೂ ದುಡ್ಡು ಸುರಿಯುತ್ತೆ ಅಂತಲ್ಲ, ಹೆಚ್ಚಿನ ದುಡ್ಡು ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಕಡೆಗೇ ಹರಿಯೋದು. ಹಾರ್ವರ್ಡ್, ಯೇಲ್‌ನಂಥ ಐವಿ ಲೀಗ್ ಕಾಲೇಜುಗಳು ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡೋದೇ ಇಲ್ಲ.

ಕೋಚ್ "25 ಪರ್ಸೆಂಟ್ ಕೊಡುತ್ತೇವೆ" ಅಂದಾಗ ಪರ್ಸೆಂಟಿಗೆ ಮರುಳಾಗಬೇಡ. ಜಾನ್ಸ್ ಹಾಪ್‌ಕಿನ್ಸ್‌ನಂಥ ಕಡೆ ವರ್ಷದ ಒಟ್ಟು ಖರ್ಚು 85,000 ದಾಟುತ್ತೆ. 25 ಪರ್ಸೆಂಟ್ ಕಳೆದರೂ ಮನೆಯಿಂದ 63,750 ಹೋಗಬೇಕು. ಕಾಲೇಜ್ ಪಾರ್ಕಿನ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ರಾಜ್ಯದ ಹುಡುಗನಾಗಿ ಒಂದು ಕಾಸೂ ನೆರವಿಲ್ಲದೆ ಓದಿದರೆ 30,000ದ ಆಸುಪಾಸು. ವರ್ಷಕ್ಕೆ ಉಳಿಯುವ ಆ ವ್ಯತ್ಯಾಸ ನಾವು ಲೆಕ್ಕಕ್ಕೆ ಹಿಡಿದ 30,000ದ ಪ್ರೊ ಸಂಬಳಕ್ಕಿಂತ ದೊಡ್ಡದು. ನೆರವು ಒಂದು ವರ್ಷಕ್ಕೋ ನಾಲ್ಕಕ್ಕೋ, ಮಾರ್ಕ್ಸಿಗೆ ಸಿಗುವ ನೆರವಿನ ಜೊತೆ ಸೇರಿಸಿಕೊಡುತ್ತಾರೋ, ಗಾಯವಾದರೆ ನಿಲ್ಲುತ್ತದೋ ಅಂತ ಬರಹದಲ್ಲಿ ಕೇಳು. ನಿನಗೆ ಸೆಪ್ಟೆಂಬರ್ 1 ದಾಟಿದೆ, ಹನ್ನೊಂದನೇ ಕ್ಲಾಸಿನವರ ಜೊತೆ ಕೋಚ್‌ಗಳು ಈಗ ನೇರವಾಗಿ ಮಾತಾಡಬಹುದು.

ಡ್ರಾಫ್ಟ್, ಅಂದರೆ ಕಾಲೇಜು ಮುಗಿಸುವವರಲ್ಲಿ ಲೀಗಿನ ತಂಡಗಳು ಸರದಿಯಲ್ಲಿ ಹುಡುಗರನ್ನು ಆರಿಸಿಕೊಳ್ಳೋದು, ಅದರ ಲೆಕ್ಕವನ್ನೂ ಹಾಕಿಬಿಡೋಣ. ಡಿವಿಷನ್ ಒಂದರಲ್ಲಿ ಎಪ್ಪತ್ತೈದರಷ್ಟು ತಂಡಗಳಿವೆ, ತಂಡಕ್ಕೆ ಹತ್ತೇ ಜನ ಕೊನೇ ವರ್ಷದವರು ಅಂದರೂ 750. ಪಿಎಲ್ಎಲ್ ನಾಲ್ಕು ಸುತ್ತಿನಲ್ಲಿ ಕರೆಯೋದು 32 ಹೆಸರು.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಇದೆಯಲ್ಲ ಅಂತೀಯ. ಹೌದು, 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಸೇರಿದ ಸಭೆಯಲ್ಲೇ ಕ್ರಿಕೆಟ್ ಜೊತೆ, ಕಣದಲ್ಲಿ ಆರಾರು ಜನ ಆಡುವ ಲಕ್ರಾಸ್ ಸಿಕ್ಸಸ್‌ಗೂ ಜಾಗ ಸಿಕ್ಕಿತು. ಆಟಕ್ಕೆ ಹೆಸರು ಬರುತ್ತೆ, ಪಾಠಕ್ಕೆ ಮಕ್ಕಳು ಹೆಚ್ಚಾಗುತ್ತಾರೆ. ಸಿಕ್ಸಸ್ ತಂಡದಲ್ಲಿ ಮಾತ್ರ ಹನ್ನೆರಡೇ ಜನ.

ಅಕೌಂಟಿಂಗೋ, ಫಿಸಿಯೋಥೆರಪಿಯೋ, ಟೀಚಿಂಗೋ, ಬೇಸಿಗೆಯ ವಾರಾಂತ್ಯಗಳನ್ನು ಬಿಟ್ಟುಕೊಡುವ ಕೆಲಸ ಸಿಗುವಂಥ ಓದು ಆರಿಸಿಕೋ. ಭಾನುವಾರ ಫೋನ್ ಮಾಡುವಾಗ ಬಂದಿರುವ ಎರಡು ಕಾಲೇಜಿನ ಮೇಲ್‌ಗಳನ್ನೂ ತೆರೆದಿಟ್ಟುಕೋ, ಒಟ್ಟು ಖರ್ಚಿನ ಸಾಲಿನಿಂದ ಶುರು ಮಾಡೋಣ.

ನಿನ್ನ ದೊಡ್ಡಪ್ಪ