ನನ್ನ ಮಗಳಿಗೆ, 2025ರ ಬೇಸಿಗೆ ಬಗ್ಗೆ

ಪುಟ್ಟಿ,

ಈ ಕಾಗದ ಈಗ್ಲೇ ನಿಂಗೆ ಪೂರ್ತಿ ಓದೋಕಾಗಲ್ಲ ಅಂತ ಗೊತ್ತು. ಒತ್ತಕ್ಷರ ಬಂದ ಕಡೆ ಇನ್ನೂ ನಿಂತು ನಿಂತು ಓದ್ತೀಯ, ಈ ಜೋಧ್‌ಪುರದ ನಿಮ್ಮ ಸ್ಕೂಲಲ್ಲಿ ಹಿಂದಿ ಇದೆ ಇಂಗ್ಲಿಷ್ ಇದೆ, ಕನ್ನಡ ಒಂದಿಲ್ಲ, ಅದನ್ನ ನಾನೇ ಸಂಜೆ ಹೊತ್ತು ಕಾಗುಣಿತ ಬರೆಸಿ ಕಲಿಸ್ಬೇಕು. ಪರ್ವಾಗಿಲ್ಲ, ನಿಧಾನಕ್ಕೆ ಓದ್ಕೋ. ತಮ್ಮಂಗೆ ಇನ್ನೂ ಮೂರು ವರ್ಷ, ಅವನಿಗೆ ಈ ಬೇಸಿಗೆ ಏನೂ ನೆನಪಿರಲ್ಲ. ನಿಂಗೆ ಎಂಟು, ಅರ್ಧಂಬರ್ಧ ನೆನಪಿರುತ್ತೆ, ಆ ಅರ್ಧಂಬರ್ಧ ಇರೋದೇ ಮುಂದೆ ಜಾಸ್ತಿ ಕಾಡೋದು, ಅದಕ್ಕೇ ಎಲ್ಲಾ ಬರೆದಿಡ್ತಾ ಇದೀನಿ. ಇನ್ನೊಂದು ಕಾರಣಾನೂ ಇದೆ. ಊರಲ್ಲಿ ನಿಂಗೆ ಕಂಡ್ ಕಂಡೋರೆಲ್ಲ "ಮಿಲ್ಟ್ರಿಯವ್ರ ಮಗಳು, ಅಳಬಾರ್ದು" ಅಂದ್ರಲ್ಲ, ಆ ಮಾತು ನಂಗೆ ಸರಿಬರಲಿಲ್ಲ.

ಏಪ್ರಿಲ್‌ನಲ್ಲಿ ಎಲ್ಲಾ ರೆಡಿ ಇತ್ತು ಕಣೆ. ನಿಮ್ಮಪ್ಪನಂಥ ಜವಾನ್‌ಗಳಿಗೆ ವರ್ಷಕ್ಕೆ 60 ದಿನ ಆನ್ಯುಯಲ್ ಲೀವು, 30 ದಿನ ಕ್ಯಾಶುಯಲ್ಲು, ಊರಲ್ಲಿ ಕೇಳ್ದೋರು ಅಬ್ಬಾ ಮೂರು ತಿಂಗಳು ರಜಾನಾ ಅಂತಾರೆ. ಆದ್ರೆ ಮಕ್ಕಳ ಸ್ಕೂಲ್ ರಜ ಇರೋ ಮೇ-ಜೂನ್‌ನಲ್ಲೇ ಯೂನಿಟ್ಟಲ್ಲಿ ಇರೋ ಎಲ್ರಿಗೂ ರಜೆ ಬೇಕು, ಎಲ್ರೂ ಒಟ್ಟಿಗೆ ಹೋದ್ರೆ ಡ್ಯೂಟಿಗೆ ಯಾರು, ಹಾಗಾಗಿ ಸರದಿ ಬರೋವರೆಗೂ ಕಾಯ್ಬೇಕು. ಹೋದ ವರ್ಷ ನಮ್ಮ ಸರದಿ ಬಂದಿದ್ದು ನೀನು ಪರೀಕ್ಷೆ ಬರೆಯೋ ಹೊತ್ತಿಗೆ. ಈ ಸಲ ಸರಿಯಾಗಿ ಮೇ ಎರಡನೇ ವಾರ ಸಿಕ್ಕಿತ್ತು, ಸೈನಿಕರಿಗೆ ಕೊಡೋ ರೈಲು ವಾರಂಟ್ ಮಾಡ್ಸಿ ಜೋಧ್‌ಪುರ-ಬೆಂಗಳೂರು ಗಾಡೀಲಿ ಅರಸೀಕೆರೆವರೆಗೂ ಟಿಕೆಟ್ಟೂ ಕನ್ಫರ್ಮ್ ಆಗಿತ್ತು. ತಮ್ಮಂದು ಮುಡಿ ತೆಗ್ಸೋದು, ಜೇನುಕಲ್ ಸಿದ್ದೇಶ್ವರನ ಬೆಟ್ಟಕ್ಕೆ ಹುಣ್ಣಿಮೆ ದಿನ ಹತ್ತೋದು, ತಾತಂಗೆ ಮಿಲ್ಟ್ರಿ ಕ್ಯಾಂಟೀನ್ ಅಂಗಡಿಯಿಂದ ಫ್ಲಾಸ್ಕು, ಅಜ್ಜಿಗೆ ಮಿಕ್ಸಿ, ಎಲ್ಲಾ ಕಪ್ಪು ಟ್ರಂಕಿಗೆ ತುಂಬಿದ್ವಿ. ಟ್ರಂಕಿನ ಮೇಲೆ ಬಿಳಿ ಪೇಂಟಲ್ಲಿ ಅಪ್ಪನ ನಂಬರು, ರ‍್ಯಾಂಕು, ಹೆಸರು ಇದೆಯಲ್ಲ, ಅದರ ಕೆಳಗೆ ನೀನು ಚಾಕ್‌ಪೀಸಲ್ಲಿ ನಿನ್ನ ಹೆಸರೂ ಬರೆದಿದ್ದೆ.

22ನೇ ತಾರೀಖು ಪಹಲ್ಗಾಮ್‌ನಲ್ಲಿ ಆಗಬಾರದ್ದು ಆಯ್ತು. ಉಗ್ರರ ಗುಂಡಿಗೆ 26 ಜನ ಹೋದ್ರು. ಸುತ್ತಾಡೋಕೆ ಅಂತ ಮನೆಯೋರನ್ನ ಕರ್ಕೊಂಡು ಹೋಗಿದ್ದೋರೇ ಜಾಸ್ತಿ, ನಮ್ಮ ಕರ್ನಾಟಕದೋರೂ ಇದ್ರು. ಅವತ್ತು ರಾತ್ರಿ ಅಪ್ಪ ಊಟ ಮಾಡ್ಲಿಲ್ಲ, ಟಿಕೆಟ್ ಕ್ಯಾನ್ಸಲ್ ಮಾಡು ಅಂತಾನೂ ಬಾಯಿಬಿಟ್ಟು ಹೇಳ್ಲಿಲ್ಲ, ನಂಗೇ ಗೊತ್ತಾಯ್ತು. ಅದಾಗಿ ಸ್ವಲ್ಪ ದಿನಕ್ಕೆ ಯೂನಿಟ್ ಮೂವ್ ಆಯ್ತು. ಎಲ್ಲಿಗೆ ಅಂತ ನಾನು ಕೇಳಲ್ಲ, ಅವರೂ ಹೇಳಲ್ಲ, ಮದ್ವೆ ಆದಾಗಿಂದ ಹೀಗೇ. ನೀವಿಬ್ರೂ ನಿದ್ದೇಲಿದ್ರಿ. ನಿನ್ನ ಹಣೆ ಮುಟ್ಟಿ, ತಮ್ಮನ ಕಾಲು ಮುಟ್ಟಿ (ಅವನ ಹಣೆ ಮುಟ್ಟಿದ್ರೆ ಎದ್ದುಬಿಡ್ತಾನೆ), ಬ್ಯಾಗ್ ಎತ್ಕೊಂಡು ಹೋದ್ರು. ಬೆಳಗ್ಗೆ ಎದ್ದು ನೀನು ಮೊದಲು ನೋಡಿದ್ದು ಬಾಗಿಲ ಹಿಂದೆ ಬೂಟು ಇದೆಯಾ ಅಂತ.

ಆಮೇಲಿನ ದಿನಗಳ ಬಗ್ಗೆ ಸರಿಯಾಗಿ ಬರೀಬೇಕು, ಯಾಕಂದ್ರೆ ನೀನು ಆವಾಗ ಮಾಡಿದ್ದು ನಿಂಗೇ ಮರೆತುಹೋಗಬಹುದು. ಮೇ 7ನೇ ತಾರೀಖು ಬೆಳಗ್ಗೆ ಏಳೋ ಹೊತ್ತಿಗೆ ಆಪರೇಷನ್ ಸಿಂಧೂರ ಅಂತ ಸುದ್ದಿ, ನಮ್ಮೋರು ಗಡಿಯಾಚೆ ಒಂಬತ್ತು ಕಡೆ ಹೊಡೆದಿದಾರೆ ಅಂತ. ಜೋಧ್‌ಪುರ ಗಡಿ ಕಡೆ ಊರು ಅಲ್ವಾ, ಶಾಲೆಗಳು ಬಂದ್, ಏರ್‌ಪೋರ್ಟ್ ಬಂದ್, ರಾತ್ರಿ ದೀಪ ಆರಿಸ್ಬೇಕು ಅಂತ ಆರ್ಡರು. ಸೆಖೆ ನೋಡಿದ್ರೆ ಕೂಲರ್ ಹಾಕಿದ್ರೂ ಮೈ ಒಣಗಲ್ಲ. ಕ್ವಾರ್ಟರ್ಸಲ್ಲಿ ಎಲ್ರೂ ಕಿಟಕಿ ಗಾಜಿಗೆ ಪೇಪರ್ ಅಂಟಿಸಿದ್ವಿ, ಮೈದಾ ಗೋಂದು ಕಾಯಿಸಿದ್ದು ನಾನು, ಬಳಿದಿದ್ದು ನೀನು. ಫ್ರಿಜ್ ಬಾಗಿಲು ತೆಗೆದ್ರೆ ಲೈಟ್ ಹತ್ತುತ್ತೆ ಅಂತ ಸಂಜೇನೇ ನೀರಿನ ಬಾಟ್ಲೆಲ್ಲ ಆಚೆ ಇಡ್ತಿದ್ದೆ. ಇನ್ವರ್ಟರಿನ ಕೆಂಪು ದೀಪಕ್ಕೆ ಬ್ಯಾಂಡೇಜ್ ಪಟ್ಟಿ ಹಾಕಿದ್ದು ನೀನೇ. ತಮ್ಮನ ಹೊಸ ಶೂ ಇತ್ತಲ್ಲ, ಕಾಲಿಟ್ಟಾಗೆಲ್ಲ ಹಿಮ್ಮಡೀಲಿ ನೀಲಿ ದೀಪ ಮಿಣಮಿಣ ಅನ್ನೋದು, ಅವನು ಅದನ್ನ ಮಲಗೋವಾಗ್ಲೂ ಬಿಡ್ತಿರಲಿಲ್ಲ. ಅದನ್ನ ಬಿಚ್ಚೋಕೆ ನಾನು ಹೋದ್ರೆ ಕಿರುಚಾಡ್ದ. ನೀನು ಅವನ ಕಿವೀಲಿ ಏನೋ ಹೇಳ್ದೆ, ಅವನೇ ಬಿಚ್ಚಿ ಕೊಟ್ಟ, ಇಬ್ರೂ ಹೋಗಿ ಅಕ್ಕಿ ಡ್ರಮ್ಮಿನೊಳಗೆ ಹೂತಿಟ್ಟು ಬಂದ್ರಿ. ಏನು ಹೇಳಿದ್ಯೋ ನಂಗೆ ಇವತ್ತಿಗೂ ಗೊತ್ತಿಲ್ಲ.

ಟಿವಿ ನಾನು ಆಫ್ ಮಾಡಿಟ್ಟೆ. ಚಾನೆಲ್‌ಗಳಲ್ಲಿ ಆ ಸೈರನ್ ಸೌಂಡು, ಆ ಕೂಗಾಟ, ಮನೇಲಿ ಗಂಡನ್ನ ಕಳಿಸಿ ಕೂತಿರೋ ಹೆಂಗಸರು ಮಕ್ಕಳು ಅದನ್ನ ನೋಡ್ತಿರ್ತಾರೆ ಅಂತ ಅವರಿಗೆ ಒಂಚೂರೂ ಅನ್ಸಲ್ವಾ? ಇದನ್ನ ನಾನು ಸಿಟ್ಟಿಂದಲೇ ಬರೀತಿದೀನಿ. ಅಪ್ಪ ಇಲ್ಲ, ಸಂಜೆ ಪಾರ್ಕಿಲ್ಲ, 9ನೇ ತಾರೀಖು ಐಪಿಎಲ್ಲೂ ನಿಂತು ನಿಮ್ಮ ಆರ್‌ಸಿಬಿ ಮ್ಯಾಚೂ ಇಲ್ಲ, ನೀವು ಮಾಡೋದಾದ್ರೂ ಏನು. ನಮ್ಮನ್ನ ಕಾಪಾಡಿದ್ದು ಕೆಳಗಿನ ಮನೆ ಸುಬೇದಾರ್ ಸಾಹೇಬ್ರ ಹೆಂಡ್ತಿ, ದೀಪ ಆರಿಸೋ ಮುಂಚೇನೇ ಬ್ಲಾಕಿನ ಮಕ್ಕಳನ್ನೆಲ್ಲ ತಮ್ಮ ಹಾಲಲ್ಲಿ ಸಾಲಾಗಿ ಮಲಗಿಸಿಕೊಂಡು ಕತ್ತಲಲ್ಲೇ ಅಂತ್ಯಾಕ್ಷರಿ ಆಡ್ಸೋರು. ಮಲಯಾಳಿ, ಪಂಜಾಬಿ, ಬಿಹಾರಿ, ಮಧ್ಯ ನೀವಿಬ್ರು. 10ನೇ ತಾರೀಖು ಸಂಜೆ 5 ಗಂಟೆಗೆ ಕದನವಿರಾಮ ಅಂದ್ರು, ರಾತ್ರಿ ಆಗ್ತಿದ್ದಂಗೆ ಮತ್ತೆ ಡ್ರೋನ್ ಅಂದ್ರು, ಯಾರೂ ಪೇಪರ್ ಕೀಳೋಕೆ ಹೋಗ್ಲಿಲ್ಲ. ಅಪ್ಪನ ಫೋನ್ ಬಂದಿದ್ದು ಅದಾದ್ಮೇಲೆ. "ಮಕ್ಕಳು ಉಂಡ್ವಾ" ಅಂದ್ರು. ಹೂಂ ಅಂದೆ. "ನೀನು ಊರಿಗೆ ಹೋಗ್ಬಿಡು" ಅಂದ್ರು. ಅಷ್ಟೇ, ಲೈನ್ ಕಟ್ಟಾಯ್ತು.

ಹೊರಟ್ವಿ. ಗೋಕಾಕದ ಆಂಟಿ ಬೆಳಗಾವಿವರೆಗೂ ಜೊತೆಗಿದ್ರು, ಅದೊಂದು ಧೈರ್ಯ. ಅಹಮದಾಬಾದ್ ದಾಟೋವರೆಗೂ ಕಿಟಕಿಯಿಂದ ಬರೀ ಬಿಸಿಗಾಳಿ, ಒದ್ದೆ ಟವೆಲ್ ಹೊದ್ದುಕೊಂಡು ಕೂತಿದ್ವಿ, ಮೀರಜ್ ಆದ್ಮೇಲೆ ಪ್ಲಾಟ್‌ಫಾರ್ಮಲ್ಲಿ ಕನ್ನಡ ಕೇಳೋಕೆ ಶುರುವಾಯ್ತು, ಧಾರವಾಡದಲ್ಲಿ ಪೇಡಾ ತಗೊಂಡ್ವಿ. ಊರಲ್ಲಿ ಈ ವರ್ಷ ಮಳೆ ಬೇಗ, ಮೇ 24ಕ್ಕೇ ಕೇರಳಕ್ಕೆ ಮುಂಗಾರು ಬಂತಲ್ಲ, ನಮ್ಮ ಕಡೇನೂ ಸುರೀತು. ತೋಟದ ತುಂಬಾ ನೀರು. ನೀನು ತಮ್ಮ ಇಬ್ರೂ ಮಳೇಲಿ ನೆನೆದಿದ್ದು ನೋಡಿ ಅಜ್ಜಿ ಬೈದ್ರು, ತಾತ "ಬಿಡೇ, ಮರಳುಗಾಡಿಂದ ಬಂದಿರೋ ಮಕ್ಳು" ಅಂದ್ರು.

ಆದ್ರೆ ಮೇ ಕೊನೆಗೇ ಇಲ್ಲಿಯೋರಿಗೆ ಶಾಲೆ ಶುರು. ದೊಡ್ಡಪ್ಪನ ಮಕ್ಕಳು ಬ್ಯಾಗ್ ಹಾಕ್ಕೊಂಡು ಹೊರಟ್ರೆ ನೀನು ಜಗಲಿ ಮೇಲೆ ಒಬ್ಳೇ. ಇದು ನಮ್ಮಂಥೋರ ಮಕ್ಕಳ ಪಾಡು, ಉತ್ತರದಲ್ಲಿ ರಜ ಸಿಗೋ ಹೊತ್ತಿಗೆ ಊರಲ್ಲಿ ರಜ ಮುಗಿದಿರುತ್ತೆ, ಮಾವಿನಹಣ್ಣೂ ಮುಗಿಯೋಕೆ ಬಂದಿರುತ್ತೆ. ಮನೆಗೆ ಬಂದೋರೆಲ್ಲ ನಿನ್ನ ನಿಲ್ಲಿಸ್ಕೊಂಡು ನಿಮ್ಮಪ್ಪ ಎಲ್ಲಿದಾರೆ, ಎಷ್ಟು ಜನರನ್ನ ಹೊಡೆದ್ರು ಅಂತ ಕೇಳೋದು. ಎಂಟು ವರ್ಷದ ಹುಡುಗೀನ ಹಾಗೆಲ್ಲಾ ಕೇಳ್ತಾರಾ? ಒಂದಿನ ಏನಾದ್ರೂ ಹೇಳಮ್ಮ ಅಂದಾಗ ನೀನು ಸ್ಕೂಲಲ್ಲಿ ಆರ್ಮಿ ಡೇಗೆ ಬಾಯಿಪಾಠ ಮಾಡಿದ್ದ ಭಾಷಣ ಹಿಂದೀಲಿ ಒಪ್ಪಿಸ್ದೆ, 1949ರ ಜನವರಿ 15ಕ್ಕೆ ಕಾರ್ಯಪ್ಪನವರು ಬ್ರಿಟಿಷ್ ಜನರಲ್ ಬುಚರ್ ಸಾಹೇಬರಿಂದ ಸೇನೆ ವಹಿಸ್ಕೊಂಡ್ರು ಅನ್ನೋದು. ಎಲ್ರೂ ಚಪ್ಪಾಳೆ ಹೊಡೆದ್ರು. ರಾತ್ರಿ ಮಲಗಿದ್ಮೇಲೆ ಕೇಳ್ದೆ, "ಅಮ್ಮಾ ಕಾರ್ಯಪ್ಪ ಅವರಿಗೆ ಮಗಳಿದ್ಲಾ?" ಇದ್ಲು ಕಣೆ, ಮಗನೂ ಇದ್ದ, ಆ ಮಗ ಏರ್‌ಫೋರ್ಸ್ ಪೈಲಟ್ ಆಗಿ 1965ರ ಯುದ್ಧದಲ್ಲಿ ಪಾಕಿಸ್ತಾನದೋರ ಕೈಗೆ ಸೆರೆಸಿಕ್ಕಿದ್ದ ಅಂದೆ. "ಹಂಗಾದ್ರೆ ಅವರ ಮನೇಲೂ ಕಾಯ್ತಿದ್ರು" ಅಂದೆ ನೀನು.

ಮಾರನೇ ದಿನ ಮಧ್ಯಾಹ್ನ ಎಲ್ಲೂ ಕಾಣ್ಲಿಲ್ಲ. ಹುಡುಕಿ ಹುಡುಕಿ ನೋಡಿದ್ರೆ ಅಟ್ಟದ ಮೇಲೆ, ಕೊಬ್ಬರಿಗೆ ಅಂತ ಹಾಕಿರೋ ತೆಂಗಿನಕಾಯಿ ರಾಶಿ ಮಧ್ಯ ಕೂತಿದ್ದೆ. ಒಂದೊಂದೇ ಕಾಯಿ ಕಿವಿ ಹತ್ರ ಹಿಡಿದು ಅಲ್ಲಾಡಿಸಿ, ಒಳಗೆ ಗಡಗಡ ಅಂದಿದ್ದು ಒಂದು ಕಡೆ, ಇನ್ನೂ ನೀರು ಕುಲುಕೋದು ಒಂದು ಕಡೆ ಇಡ್ತಾ, ಸೌಂಡ್ ಇಲ್ಲದಂಗೆ ಅಳ್ತಾ ಇದ್ದೆ. ಕೆಳಗೆ ಬಂದ್ಮೇಲೆ ಪಕ್ಕದ ಮನೆಯೋರು ಅದೇ ಮಾತು, ಮಿಲ್ಟ್ರಿಯವ್ರ ಮಗಳು ಅಳಬಾರ್ದು. ಒಳ್ಳೇ ಮನಸ್ಸಿಂದಲೇ ಅಂದ್ರು, ಆದ್ರೂ ನಂಗೆ ಬೇಜಾರಾಯ್ತು.

ನೋಡು ಪುಟ್ಟಿ, ಸೇನೆಗೆ ಸೇರಿದ್ದು ನಿಮ್ಮಪ್ಪ, ಅವರೇ ಇಷ್ಟಪಟ್ಟು, ಸೇನೆ ಭರ್ತಿ ರ‍್ಯಾಲೀಲಿ ಓಡಿ ಸೇರಿದ್ದು. ನಾನು ಗೊತ್ತಿದ್ದೇ ಮದ್ವೆ ಆದೆ. ನಿನ್ನನ್ನ ಮಾತ್ರ ಯಾರೂ ಕೇಳ್ಲಿಲ್ಲ. ಆದ್ರೂ ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಸ್ಕೂಲು ಬದಲಾಯ್ಸೋದು ನೀನು, ಫ್ರೆಂಡ್ಸ್ ಬಿಟ್ಟು ಬರೋದು ನೀನು, ಹುಟ್ಟಿದಬ್ಬಕ್ಕೆ ಅಪ್ಪ ಇಲ್ದೇ ಕೇಕ್ ಕತ್ತರಿಸೋದು ನೀನು. ಅದಕ್ಕೆ ನಿಂಗೆ ಅಳು ಬಂದ್ರೆ ಅಳು, ಕೋಪ ಬಂದ್ರೆ ಮಾಡ್ಕೋ. ಟ್ರೇನಿಂಗ್‌ಗೆ ಹೋದ ಹೊಸದ್ರಲ್ಲಿ ನಿಮ್ಮಪ್ಪಾನೇ ರಾತ್ರಿ ಕಂಬಳಿಯೊಳಗೆ ಅಜ್ಜೀನ ನೆನೆಸ್ಕೊಂಡು ಅಳ್ತಿದ್ರಂತೆ, ನಂಗೆ ಅವರೇ ಹೇಳಿದಾರೆ. ಅಪ್ಪನ ಮೇಲೆ ನಂಗೂ ಹೆಮ್ಮೆ, ನಿಂಗೂ ಹೆಮ್ಮೆ, ಊರಿಗೆಲ್ಲ ಹೆಮ್ಮೆ, ಸರಿ. ಆದ್ರೆ ಆ ಹೆಮ್ಮೆ ಉಳಿಸ್ಕೊಳ್ಳೋಕೆ ಅಂತ ಎಂಟು ವರ್ಷದೋಳು ಅಟ್ಟ ಹತ್ತಿ ಅಳೋ ಹಂಗಾಗಬಾರ್ದು. ನನ್ನ ಮುಂದೆ ಅಳು, ಅಪ್ಪನ ಮುಂದೇನೂ ಅಳು.

ಜೂನ್ ಕೊನೇಲಿ ವಾಪಸ್ ಬಂದ್ವಿ, ಅಪ್ಪಾನೂ ಬಂದ್ರು, ಸುಟ್ಟು ಕರ‍್ರಗಾಗಿ, ಇನ್ನೂ ತೆಳ್ಳಗಾಗಿ. ತಮ್ಮ ನನ್ನ ಹಿಂದೆ ಬಚ್ಚಿಟ್ಕೊಂಡ. ನೀನು ಸಂಜೆವರೆಗೂ ಮಾತಾಡ್ಲಿಲ್ಲ, ಆಮೇಲೆ ಶುರು ಮಾಡ್ದೆ ನೋಡು, ಬೆಟ್ಟ ಹತ್ತಲಿಲ್ಲ, ಟಿಕೆಟ್ ಕ್ಯಾನ್ಸಲ್ಲು, ನೀವು ಹೇಳ್ದೇ ಹೋದ್ರಿ, ಎಬ್ಬಿಸ್ಬೇಕಿತ್ತು. ಅಪ್ಪ ಎದುರು ಏನೂ ಹೇಳ್ಲಿಲ್ಲ, ಪೂರ್ತಿ ಕೇಳಿಸ್ಕೊಂಡ್ರು, ಮುಂದಿನ ಸಲ ಎಷ್ಟೊತ್ತಾಗಿದ್ರೂ ಎಬ್ಬಿಸಿ ಹೇಳಿ ಹೋಗ್ತೀನಿ ಅಂದ್ರು. ನೀನು ಆಣೆ ಮಾಡಿಸ್ಕೊಂಡೆ.

ತಮ್ಮನ ಕೂದಲು ಈಗ ಭುಜಕ್ಕೆ ಬಂದಿದೆ, ಪಾರ್ಕಲ್ಲಿ ಎಲ್ರೂ ಹಿಂದೀಲಿ ಬೇಟಿ, ಅಂದ್ರೆ ಮಗಳೇ, ಅಂತಾರೆ. ಊರಲ್ಲಿ ಅಪ್ಪ ಇಲ್ದಿದ್ರೂ ಮುಡಿ ಮುಗಿಸ್ಬಿಡೋಣ ಅಂದಾಗ ಬೇಡ ಅಂತ ಹಟ ಹಿಡಿದಿದ್ದು ನೀನು, ನಂಗೆ ಅದು ತುಂಬಾ ಸರಿ ಅನ್ಸಿತ್ತು. ದಸರಾ ಹೊತ್ತಿಗೆ ರಜೆ ಹಾಕಿದೀನಿ ಅಂದಿದಾರೆ, ಇನ್ನೂ ಸ್ಯಾಂಕ್ಷನ್ ಆಗಿಲ್ಲ. ಸಿಕ್ರೆ ಹುಣ್ಣಿಮೆ ನೋಡಿ ಬೆಟ್ಟಕ್ಕೆ ಹೋಗೋಣ. ಸಿಗ್ಲಿಲ್ಲ ಅಂದ್ರೆ ಫೋನ್ ನಾನು ನಿನ್ನ ಕೈಗೇ ಕೊಡ್ತೀನಿ, ಅಪ್ಪಂಗೆ ಏನು ಹೇಳ್ಬೇಕೋ ನೀನೇ ಹೇಳು.

ನಿನ್ನ ಅಮ್ಮ