ನೀನು ಬರೆದ ಆ ಒಂದು ಸಾಲಿಗೆ

ಪುಟ್ಟಿ,

ನಿನ್ನ ಪತ್ರ ಮೂರು ಸಲ ಓದಿದೆ. ಮೆಸ್ಸಿನ ಊಟ, ಮ್ಯಾತ್ಸ್ ಇಂಟರ್ನಲ್ಸು, ರೂಮ್‌ಮೇಟ್ ಗೊರಕೆ, ಅದೆಲ್ಲ ಸರಿ. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ‘ನಾನು ಒಂದು ವಾರ ಕ್ಲಾಸಿಗೆ ಹೋಗದೇ ಇದ್ದರೂ ಇಲ್ಲಿ ಯಾರಿಗೂ ಗೊತ್ತಾಗಲ್ಲ ದೊಡ್ಡಮ್ಮ’ ಅಂತ, ಅದು ಮುಳ್ಳು ಮುರಿದ ಹಾಗೆ ಒಳಗೇ ಕೂತುಬಿಟ್ಟಿದೆ. ನಿನ್ನೆ ರಾತ್ರಿ ಎರಡು ಸಲ ಎದ್ದು ನೀರು ಕುಡಿದೆ. ನಿಮ್ಮ ದೊಡ್ಡಪ್ಪ ‘ಏನಾಯ್ತೇ’ ಅಂದರು. ಏನಂತ ಹೇಳಲಿ?

ಮೊದಲು ನೇರವಾಗಿ ಒಂದು ಕೇಳಿಬಿಡುತ್ತೇನೆ, ಬೇಜಾರು ಮಾಡ್ಕೋಬೇಡ. ಇದು ಜೊತೆಗೆ ಯಾರೂ ಇಲ್ಲ ಅನ್ನುವ ಬೇಸರ ಅಷ್ಟೇನಾ, ಇಲ್ಲ ಅದಕ್ಕಿಂತ ಜಾಸ್ತಿ ಏನಾದರೂ ಇದೆಯಾ? ನಿದ್ದೆ ಬರ್ತಿದೆಯಾ? ಊಟ ಸೇರ್ತಿದೆಯಾ? ಜಾಸ್ತಿ ಇದ್ದರೆ ಇದನ್ನು ಓದೋದು ಇಲ್ಲಿಗೇ ಬಿಟ್ಟು ನನಗೆ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಸರಿ. ನನ್ನ ಹತ್ತಿರ ಹೇಳೋಕೆ ಆಗದ್ದು ಅನ್ನಿಸಿದರೆ 14416ಕ್ಕೆ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದು. ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬಿಪಿ ಮಾತ್ರೆ ತರೋಕೆ ಹೋದಾಗ ಆಸ್ಪತ್ರೆ ಗೋಡೆ ಮೇಲೆ ನೋಡಿ ಬರೆದುಕೊಂಡಿದ್ದೆ. ಹೀಗೆ ಬರೆದೆ ಅಂತ ನಿಮ್ಮಮ್ಮನಿಗೆ ಹೇಳುವುದಿಲ್ಲ.

ಯಾಕೆ ಇಷ್ಟು ಗಾಬರಿ ಅಂದರೆ, ಆ ಸಾಲು ನಿನಗಿಂತ ಮೊದಲು ನನ್ನದು.

1984ರಲ್ಲಿ ನಾನು ಹಾಸನದಲ್ಲಿ ಎರಡನೇ ವರ್ಷದ ಬಿ.ಎ. ಓದುತ್ತಿದ್ದಾಗ ಕಾಮಾಲೆ ಆಯಿತು. ಇಪ್ಪತ್ತೆರಡು ದಿನ ಮನೆಯಲ್ಲೇ. ಅಮ್ಮ ಬೆಳಗಾದರೆ ನೆಲನೆಲ್ಲಿ ಅರೆದು ಮಜ್ಜಿಗೆಗೆ ಹಾಕಿ ಕುಡಿಸುತ್ತಿದ್ದಳು. ವಾಸಿಯಾಗಿ ಮತ್ತೆ ಕ್ಲಾಸಿಗೆ ಹೋದ ದಿನ, ಬೆಂಚಿನಲ್ಲಿದ್ದ ಹುಡುಗಿಯೊಬ್ಬಳು ಸ್ವಲ್ಪ ಸರಿದು ಜಾಗ ಕೊಟ್ಟಳು. ಒಳ್ಳೆ ಮನಸ್ಸಿನಿಂದಲೇ ಕೇಳಿದಳು, ‘ಹೊಸದಾಗಿ ಸೇರಿದ್ರಾ? ಯಾವೂರು?’ ಅಂತ. ಒಂದೂವರೆ ವರ್ಷದಿಂದ ಇಬ್ಬರೂ ಅದೇ ರೂಮಿನಲ್ಲಿ ಕೂತಿದ್ದೆವು ಪುಟ್ಟಿ. ನಾನು ‘ಹೂಂ’ ಅಂದೆ. ಹೊಸಬಳು ಅಂತಲೇ ಒಪ್ಪಿಕೊಂಡುಬಿಟ್ಟೆ. ಅಲ್ಲ, ನಾನೂ ಇಲ್ಲಿಯವಳೇ ಅಂತ ಹೇಳೋಕೆ ಬಾಯೇ ಬರಲಿಲ್ಲ.

ಅವಳ ಮೇಲೆ ತುಂಬಾ ವರ್ಷ ಸಿಟ್ಟಿತ್ತು. ಮದುವೆಯಾಗಿ, ಮಕ್ಕಳಾಗಿ, ಒಂದು ದಿನ ಕಣದಲ್ಲಿ ಕಾಫಿ ಹರಡುತ್ತಿದ್ದಾಗ ಸುಮ್ನೆ ನೆನಪಾಯಿತು. ಆಗ ಅವಳ ಹೆಸರು ನನಗೆ ಗೊತ್ತಿತ್ತಾ? ಗೊತ್ತಿರಲಿಲ್ಲ.

ನಮ್ಮನ್ನು ಬಸ್ಸಿನ ಹುಡುಗಿಯರು ಅಂತಲೇ ಕರೆಯುತ್ತಿದ್ದರು. ಸಂಜೆ ಸಕಲೇಶಪುರದ ಬಸ್ಸು ಒಂದು ತಪ್ಪಿದರೆ ಮುಂದಿನದು ಆಲೂರು ದಾಟಿ ಬಾಳ್ಳುಪೇಟೆ ಮುಟ್ಟುವಾಗ ಕತ್ತಲು, ಅಲ್ಲಿಂದ ತೋಟದ ದಾರಿಯಲ್ಲಿ ಎರಡು ಮೈಲಿ ನಡಿಗೆ. ಕಾಲೇಜಿನಲ್ಲಿ ಏನು ನಡೆದರೂ ಕ್ಲಾಸು ಬಿಟ್ಟ ಮೇಲೆ ತಾನೆ? ನಾಟಕದ ತಾಲೀಮು, ಥ್ರೋಬಾಲು, ಚರ್ಚಾ ಸ್ಪರ್ಧೆ, ಸಂಘದ ಮೀಟಿಂಗು, ಎಲ್ಲ. ಕೊನೆ ಬೆಲ್ ಹೊಡೆಯುವ ಮೊದಲೇ ನಾನು ಪುಸ್ತಕ ಎದೆಗೆ ಅವಚಿಕೊಂಡು ಬಾಗಿಲ ಕಡೆ ನೋಡುತ್ತಾ ಕೂತಿರುತ್ತಿದ್ದೆ. ಬಸ್ಸು ನಿಜವಾದ ಕಾರಣವೇ. ಆದರೆ ಅದೊಂದೇ ಅಂತ ಹೇಳಿದರೆ ನಿನಗೆ ಸುಳ್ಳು ಹೇಳಿದ ಹಾಗಾಗುತ್ತದೆ.

ಎನ್‌ಎಸ್‌ಎಸ್‌ಗೆ, ಅಂದರೆ ರಾಷ್ಟ್ರೀಯ ಸೇವಾ ಯೋಜನೆಗೆ, ಹೆಸರು ಕೊಟ್ಟಿದ್ದೆ. ಅದನ್ನು ನೋಡಿಕೊಳ್ಳುತ್ತಿದ್ದ ಮೇಷ್ಟ್ರು ತುಂಬಾ ಒಳ್ಳೆಯವರು. 1969ರಲ್ಲಿ, ಗಾಂಧೀಜಿ ಹುಟ್ಟಿ ನೂರು ವರ್ಷ ಆದಾಗ ಇದು ಶುರುವಾಯಿತು, ‘ನನಗಲ್ಲ, ನಿನಗೆ’ ಅನ್ನೋದೇ ಇದರ ಮಾತು ಅಂತ ಎಷ್ಟು ಸಲ ಹೇಳಿದ್ದರೋ. ಒಂದು ಬ್ಯಾಡ್ಜ್ ಕೊಟ್ಟರು. ದುಂಡಗಿನದು, ಕೆಂಪು ನೀಲಿ, ಮಧ್ಯೆ ಕೋನಾರ್ಕದ ರಥದ ಚಕ್ರ. ಚಕ್ರಕ್ಕೆ ಎಂಟು ಅರೆಗಳು. ಎಂಟು ಅಂದರೆ ಎಂಟು ಜಾವ, ದಿನದ ಇಪ್ಪತ್ನಾಲ್ಕು ಗಂಟೆಯೂ ಕರೆದರೆ ಬರಬೇಕು ಅಂತ ಅರ್ಥ. ಡಿಸೆಂಬರಿನಲ್ಲಿ ಹಳ್ಳಿಯೊಂದರಲ್ಲಿ ಶಿಬಿರ. ನಿಮ್ಮಜ್ಜ ‘ಹೋಗು’ ಅಂದಿದ್ದರು. ಅಮ್ಮ ಕಂಬಳಿ ಬಿಸಿಲಿಗೆ ಹಾಕಿ ಕೊಡವಿ ಮಡಿಸಿಟ್ಟಿದ್ದಳು. ಹೊರಡುವ ಹಿಂದಿನ ದಿನ ನಾನು ಮೇಷ್ಟ್ರ ಹತ್ತಿರ ಹೋಗಿ, ‘ಕುಯ್ಲಿಗೆ ಆಳು ಸಿಗ್ತಿಲ್ಲ ಸಾರ್, ಮನೇಲಿ ಬಿಡ್ತಿಲ್ಲ’ ಅಂದೆ. ಮನೆಗೆ ಬಂದು ಶಿಬಿರ ಮುಂದಕ್ಕೆ ಹೋಯಿತು ಅಂದೆ.

ಕಾರಣ ಏನು ಗೊತ್ತಾ? ನಿನ್ನ ಅದೇ ಸಾಲು. ಅಷ್ಟು ದಿನ ಎಲ್ಲರ ಜೊತೆ ಶಾಲೆ ಜಗುಲಿಯಲ್ಲಿ ಮಲಗಿ, ಒಂದೇ ಪಂಕ್ತಿಯಲ್ಲಿ ಉಂಡು, ಅಲ್ಲೂ ಯಾರೂ ನನ್ನನ್ನು ಮಾತಾಡಿಸದಿದ್ದರೆ? ಕಾಲೇಜಿನಲ್ಲಾದರೆ ಸಂಜೆ ಬಸ್ಸು ಬರುತ್ತದೆ, ಹತ್ತಿ ಬಂದುಬಿಡಬಹುದು. ಶಿಬಿರದಲ್ಲಿ ಎಲ್ಲಿಗೆ ಹೋಗಲಿ? ಯಾರಿಗೂ ನಾನು ಬೇಕಿಲ್ಲ ಅಂತ ಕಣ್ಣಾರೆ ನೋಡುವುದಕ್ಕಿಂತ, ಹೋಗದೇ ಇರೋದೇ ವಾಸಿ ಅನ್ನಿಸಿತು.

ಹೋದವರು ವಾಪಸ್ ಬಂದ ಮೇಲೆ ಒಂದು ತಿಂಗಳು ಬರೀ ಸಾರಿನ ಕಥೆ. ಇಬ್ಬರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಎರಡು ಸಲ ಉಪ್ಪು ಹಾಕಿದ್ದರಂತೆ, ಮೇಷ್ಟ್ರು ಏನೂ ಹೇಳದೆ ಅನ್ನಕ್ಕೆ ಬರೀ ಮಜ್ಜಿಗೆ ಕಲಸಿಕೊಂಡು ಉಂಡರಂತೆ. ‘ಉಪ್ಪು’ ಅಂತ ಒಬ್ಬರು ಅಂದರೆ ಸಾಕು, ಆ ಬೆಂಚು ಈ ಬೆಂಚು ಎಲ್ಲ ನಗು. ನಾನೂ ನಗುತ್ತಿದ್ದೆ. ನಾನು ಬಂದಿರಲಿಲ್ಲ ಅನ್ನೋದು ಅವರಲ್ಲಿ ಕೆಲವರಿಗೆ ನೆನಪೇ ಇರಲಿಲ್ಲ ಅಂತ ಕಾಣುತ್ತದೆ.

ಇನ್ನೊಂದು ಹೇಳುತ್ತೇನೆ, ಇದು ನಿಮ್ಮಮ್ಮನಿಗೂ ಗೊತ್ತಿಲ್ಲ. ನನ್ನ ಲಗ್ನಪತ್ರಿಕೆ ಅಚ್ಚಾಗಿ ಬಂದಾಗ ನಿಮ್ಮಜ್ಜ ಮೂಲೆಗೆ ಅರಿಶಿನ ಹಚ್ಚಿ, ಇಪ್ಪತ್ತೈದು ಬೇರೆ ಎತ್ತಿ, ‘ನಿನ್ನ ಕಾಲೇಜಿನ ಸ್ನೇಹಿತರಿಗೆ’ ಅಂತ ಕೊಟ್ಟರು. ಮೂರು ವರ್ಷ ಓದಿ ಬಂದವಳಿಗೆ ಒಬ್ಬರ ವಿಳಾಸವೂ ಗೊತ್ತಿರಲಿಲ್ಲ. ಕಳಿಸಿದೆ ಅಂತ ಹೇಳಿ ಟ್ರಂಕಿನ ತಳದಲ್ಲಿ ಸೀರೆ ಕೆಳಗೆ ಇಟ್ಟೆ. ಎರಡು ವರ್ಷ ಆದಮೇಲೆ ತವರಿಗೆ ಹೋದಾಗ ನೋಡುತ್ತೇನೆ, ಅಪ್ಪ ಆ ಪತ್ರಿಕೆಗಳ ಹಿಂದೆ ಕುಯ್ಲಿನ ಲೆಕ್ಕ ಬರೆದು ದಾರ ಕಟ್ಟಿ ಮೊಳೆಗೆ ನೇತುಹಾಕಿದ್ದರು. ಯಾರು ಎಷ್ಟು ಕೆಜಿ ಕುಯ್ದರು, ಎಷ್ಟು ಮುಂಗಡ ತಗೊಂಡರು ಅಂತ. ನನ್ನ ಮುಖ ನೋಡಿದರು. ಒಂದು ಮಾತೂ ಕೇಳಲಿಲ್ಲ. ಕೇಳಿ ಬೈದಿದ್ದರೆ ಚೆನ್ನಾಗಿತ್ತು.

ನಾನು ಎಲ್ಲಿಗೋ ಹೋಗಿಬಿಟ್ಟೆ. ನಿನ್ನ ವಿಷಯಕ್ಕೆ ಬರುತ್ತೇನೆ.

ಈಗಿನ ಕಾಲೇಜು ನನಗೆ ಎಷ್ಟು ಗೊತ್ತಾಗುತ್ತದೆ ಹೇಳು, ಅದಕ್ಕೇ ಬುದ್ಧಿ ಹೇಳೋಕೆ ಸಂಕೋಚ. ಆದರೂ ಒಂದು ಅನ್ನಿಸುತ್ತದೆ. ನಿನಗೆ ಹಾಸ್ಟೆಲ್ ಇದೆ, ಸಂಜೆ ಬಸ್ಸಿನ ಕಾಟ ಇಲ್ಲ. ಆದರೆ ಶುಕ್ರವಾರ ಬಂತು ಅಂದರೆ ಬ್ಯಾಗ್ ಹಿಡಿದು ಬಸ್ ಸ್ಟ್ಯಾಂಡಿಗೆ ಓಡ್ತೀಯ. ಶಕ್ತಿ ಯೋಜನೆ ಬಂದಮೇಲೆ ಟಿಕೆಟ್ಟಿನ ದುಡ್ಡಿನ ಯೋಚನೆಯೂ ಇಲ್ಲ. ಮೊದಲ ವರ್ಷ ಪೂರ್ತಿ ಹೀಗೇ ಆಯಿತು. ಫೆಸ್ಟು, ಕಲ್ಚರಲ್ಸು ಅಂತ ನೀವು ಹೇಳುವುದರಲ್ಲಿ ಅರ್ಧ ಶನಿವಾರ ತಾನೆ ನಡೆಯೋದು? ನಿನ್ನ ಶುಕ್ರವಾರದ ಬಸ್ಸು ನನ್ನ ಸಂಜೆ ಬಸ್ಸಿನ ಹಾಗೇ ಆಗಿದೆಯೇನೋ ಅಂತ ಭಯ. ತಿಂಗಳಿಗೆ ಎರಡು ಸಲ ಬಂದರೆ ಸಾಕಲ್ವಾ? ನಿಮ್ಮಮ್ಮನನ್ನು ನಾನು ಸಮಾಧಾನ ಮಾಡುತ್ತೇನೆ.

‘ನನಗೆ ಸ್ಟೇಜ್ ಮೇಲೆ ಏನೂ ಬರಲ್ಲ, ಕ್ಲಬ್ಬಿನಲ್ಲಿ ಎಲ್ಲ ಇಂಗ್ಲಿಷ್ ಮಾತಾಡೋರೇ’ ಅಂತ ಬರೆದಿದ್ದೀಯ. ಸ್ಟೇಜ್ ಯಾಕೆ ಬೇಕು? ಕುರ್ಚಿ ಹಾಕುವವರು ಬೇಡವಾ, ಹೆಸರು ಬರೆದುಕೊಳ್ಳುವವರು ಬೇಡವಾ, ಮೈಕಿನವನಿಗೆ ಫೋನ್ ಮಾಡುವವರು? ಅಂಥ ಕೆಲಸ ಹಿಡಿದವರ ಹೆಸರು ದಿನಕ್ಕೆ ಹತ್ತು ಸಲ ಕೂಗುತ್ತಾರೆ, ಕೂಗಲೇಬೇಕು. ನಿನ್ನ ಹೆಸರು ಯಾರಾದರೂ ಜೋರಾಗಿ ಕೂಗಲಿ ಅನ್ನೋದೇ ನನ್ನ ಆಸೆ.

ನಿಮ್ಮ ಯೂನಿವರ್ಸಿಟಿ, ವಿಟಿಯುನವರು, ಪಾಠದ ಹೊರಗಿನ ಕೆಲಸಕ್ಕೆ ಅಂತ ನಾಲ್ಕು ವರ್ಷಕ್ಕೆ 100 ಆಕ್ಟಿವಿಟಿ ಪಾಯಿಂಟ್ ಮಾಡಲೇಬೇಕು ಅಂತ ಇಟ್ಟಿದ್ದಾರಲ್ಲ, ಅದು ಬರೀ ತಲೆನೋವು ಅಂತ ಬರೆದಿದ್ದೀಯ. ಪಾಯಿಂಟಿಗೋಸ್ಕರವೇ ಹೋಗು, ಪರವಾಗಿಲ್ಲ. ಹೇಗೂ ಹೋಗಬೇಕು ಅಂತಿದ್ದರೆ ‘ಇವಳು ಯಾಕೆ ಬಂದಳು’ ಅಂತ ಯಾರೂ ಅನ್ನೋಲ್ಲ. ನನಗೆ ಅಂಥ ಒಂದು ನೆಪ ಇದ್ದಿದ್ದರೆ ಅಂತ ಅನ್ನಿಸುತ್ತದೆ. ಎನ್‌ಎಸ್‌ಎಸ್ ನಿಮ್ಮಲ್ಲಿದ್ದರೆ ಅದನ್ನೇ ನೋಡು. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240. ಲೆಕ್ಕ ಹಾಕಿ ನೋಡಿದೆ, ವಾರಕ್ಕೆ ಎರಡೂವರೆ ಗಂಟೆಯೂ ಆಗೋಲ್ಲ. ಶಿಬಿರ ಏಳು ದಿನ. ಅಲ್ಲಿ ಮೊದಲ ರಾತ್ರಿ ಕಷ್ಟ ಅನ್ನಿಸಬಹುದು, ನಾನು ಹೋಗದವಳು, ನನಗೇನು ಗೊತ್ತು. ಮಲಗುವ ಮೊದಲು ನನಗೆ ಫೋನ್ ಮಾಡು.

ರಕ್ತದಾನಕ್ಕೆ ಹೆಸರು ಕೊಡಲಾ ಅಂತ ಕೇಳಿದ್ದೀಯ. 18 ವರ್ಷ ತುಂಬಿದೆ, ಸರಿ. 45 ಕೆಜಿ ಇರಬೇಕು, ಹಿಮೋಗ್ಲೋಬಿನ್ 12.5 ಇರಬೇಕು. ದಸರಾ ರಜದಲ್ಲಿ ನಿನ್ನ ಕೈ ಹಿಡಿದಾಗ ಬಳೆ ಮೊಣಕೈ ತನಕ ಜಾರಿತು, ನನಗೆ ನೆನಪಿದೆ. ಈ ಸಲ ಹೆಸರು ಬರೆದುಕೊಳ್ಳುವ ಟೇಬಲ್ ಹತ್ತಿರ ಕೂತುಕೋ. ಸೊಪ್ಪು ತಿನ್ನು.

ಇನ್ನೊಂದು, ಇದು ಸರಿಯೋ ತಪ್ಪೋ ನೀನೇ ನೋಡು. ನಿಮ್ಮ ಕ್ಲಾಸಿನಲ್ಲಿ ನಿನ್ನ ಹಾಗೆ ಇನ್ನೊಬ್ಬಳು ಇದ್ದೇ ಇರುತ್ತಾಳೆ. ಬೆಲ್ ಹೊಡೆಯುವ ಮೊದಲೇ ಬ್ಯಾಗ್ ಮುಚ್ಚಿಟ್ಟುಕೊಂಡು ಕೂತವಳು. ಅವಳು ಎರಡು ದಿನ ಬರಲಿಲ್ಲ ಅಂದರೆ ಮೂರನೇ ದಿನ ‘ಯಾಕೆ ಬರಲಿಲ್ಲ, ಹುಷಾರಿರಲಿಲ್ವಾ?’ ಅಂತ ಕೇಳು. ನಾನು ಆ ಇಪ್ಪತ್ತೆರಡು ದಿನ ಮಂಚದ ಮೇಲೆ ಮಲಗಿ ಕಾದದ್ದು ಇಷ್ಟು ಮಾತಿಗೇ.

ರೂಮ್‌ಮೇಟ್ ಬೇರೆ ಬ್ರಾಂಚಿನವಳು, ನಿಜ. ಆದರೆ ನೀನು ಒಂದು ವಾರ ಕ್ಲಾಸಿಗೆ ಹೋಗದೆ ಮಲಗಿದ್ದರೆ ಅವಳಿಗಾದರೂ ಗೊತ್ತಾಗಲ್ವಾ? ಕೇಳಿ ನೋಡಿದ್ದೀಯಾ? ಆ ಸಾಲು ಬರೆದಾಗ ಅವಳನ್ನು ಯಾಕೆ ಲೆಕ್ಕಕ್ಕೆ ಹಿಡಿಯಲಿಲ್ಲ ಅಂತ ಯೋಚನೆ ಮಾಡ್ತಾ ಇದ್ದೀನಿ.

ಹಾಸನಾಂಬೆ ಬಾಗಿಲು ತೆಗೆದ ಮೇಲೆ ಬರುತ್ತೇನೆ, ತೆಗೆಯೋದು ಆಶ್ವಯುಜ ಹುಣ್ಣಿಮೆ ಕಳೆದ ಗುರುವಾರ. ಜನ ಜಾಸ್ತಿ, ದರ್ಶನ ಎಷ್ಟು ಹೊತ್ತಿಗೆ ಆಗುತ್ತದೋ ಹೇಳೋಕಾಗಲ್ಲ. ನೀನು ಕ್ಲಾಸು ತಪ್ಪಿಸಬೇಡ, ನಾನೇ ಹಾಸ್ಟೆಲ್ ಹತ್ತಿರ ಬರುತ್ತೇನೆ. ಆ ಬ್ಯಾಡ್ಜ್ ಇನ್ನೂ ಬೀರುವಿನಲ್ಲಿದೆ, ತರುತ್ತೇನೆ, ಪಿನ್ನು ಮಾತ್ರ ತುಕ್ಕು ಹಿಡಿದಿದೆ. ಅಕ್ಕಿ ರೊಟ್ಟಿ, ಕಾಯಿ ಚಟ್ನಿ ಇಬ್ಬರಿಗೆ ಆಗುವಷ್ಟು ಕಟ್ಟಿಕೊಂಡು ಬರುತ್ತೇನೆ. ಗೊರಕೆಯವಳನ್ನೂ ಕೆಳಗೆ ಕರೆದುಕೊಂಡು ಬಾ. ಅವಳ ಹೆಸರೇನು ಅಂತ ನೀನು ಬರೆದೇ ಇಲ್ಲ.

ನಿನ್ನ
ದೊಡ್ಡಮ್ಮ