ತಾತನ ಡೆಸ್ಕಿಗೆ ಮಷೀನ್ ಹಚ್ಚಬೇಡ ಪುಟ್ಟಿ

ಪುಟ್ಟಿ,

ನಿನ್ನೆ ನೀನು ಕಳ್ಸಿದ ತಾತನ ಡೆಸ್ಕಿನ ಫೋಟೋ ನೋಡಿದಾಗಿಂದ ಮನಸ್ಸು ಅಲ್ಲೇ ಇದೆ, ಫೋನಲ್ಲಿ ಹೇಳೋಕೆ ಹೋದ್ರೆ ಅರ್ಧ ಬಿಟ್ಟುಹೋಗುತ್ತೆ ಅಂತ ಕೂತು ಟೈಪ್ ಮಾಡ್ತಿದೀನಿ, ಪೂರ್ತಿ ಓದು. ಇಂಕ್ ಬಾಟ್ಲಿ ಇಡೋ ಪಟ್ಟಿ ಮೇಲೆ ಕಾಫಿ ಲೋಟದ ಬಿಳಿ ಉಂಗುರ ಬಿದ್ದಿದೆ, ಒಂದು ಕಾಲು ಅಲ್ಲಾಡ್ತಿದೆ, ಡ್ರಾಯರ್ ಕೆಳಗೆ ಪುಡಿ ಉದುರ್ತಿದೆ, ಇಷ್ಟಕ್ಕೇ ಸ್ಯಾಂಡಿಂಗ್ ಮಷೀನ್ ಬಾಡಿಗೆಗೆ ತಂದು ಎಲ್ಲಾ ಉಜ್ಜಿ ಡಾರ್ಕ್ ವಾಲ್ನಟ್ ಬಣ್ಣ ಹೊಡೀತೀನಿ ಅಂದ್ಯಲ್ಲ, ದಯವಿಟ್ಟು ಬೇಡ ಕಣೆ.

ನಿನ್ನ ತೊಟ್ಟಿಲು ನೆನಪಿದ್ಯಾ, ನಿಂಗೆ ಹಲ್ಲು ಬರ್ತಿದ್ದಾಗ ಅದರ ಅಡ್ಡಪಟ್ಟಿ ಕಚ್ಚಿ ಕಚ್ಚಿ ಸಾಲಾಗಿ ಪುಟ್ಟ ಪುಟ್ಟ ಗುಂಡಿ ಮಾಡಿದ್ದೆ. ನಿಮ್ಮಕ್ಕನ ಮಗು ನಾಮಕರಣಕ್ಕೆ ಹೊಸದರ ಥರ ಇರ್ಲಿ ಅಂತ ಊರಲ್ಲಿ ಒಂದು ಪಾಲಿಶ್ ಅಂಗಡಿಗೆ ಕೊಟ್ಟೆ. ಅವ್ರು ಮಷೀನ್ ಓಡ್ಸಿ, ಹಲ್ಲಿನ ಗುರುತೂ ಹೋಯ್ತು, ಕೆತ್ತನೆ ಹೂವಿನ ಅಂಚೆಲ್ಲಾ ಸವೆದು ಸೋಪಿನ ಥರ ಆಯ್ತು. ಗುರುತು ಉಳಿಸಿ ಅಂತ ನಾನೂ ಹೇಳಿರ್ಲಿಲ್ಲ. ಪಾಲಿಶ್ ಇನ್ನೊಂದ್ಸಲ ಹಚ್ಬಹುದು, ಉಜ್ಜಿ ತೆಗೆದ ಮರ ಎಲ್ಲಿಂದ ತರೋದು? ಅದಕ್ಕೇ ಹೇಳ್ತಿರೋದು, ಎಷ್ಟು ಕಮ್ಮಿ ತೆಗೆಯೋಕಾಗುತ್ತೋ ಅಷ್ಟು ಕಮ್ಮಿ ತೆಗಿ.

ಮೊದ್ಲು ಅದರ ಮೇಲಿರೋ ಪಾಲಿಶ್ ಯಾವ್ದು ಅಂತ ನೋಡ್ಕೋ. ಡೆಸ್ಕ್ ಬೋರಲು ಹಾಕಿ, ಯಾರಿಗೂ ಕಾಣದ ಜಾಗದಲ್ಲಿ ಹತ್ತೀಲಿ ಒಂದು ಹನಿ ಸ್ಪಿರಿಟ್ (ಪಾಲಿಶಿಗೆ ಬಳಸೋ ಮದ್ಯಸಾರ) ಇಡು, ಒಂದ್ನಿಮಿಷದಲ್ಲಿ ಬೆರಳಿಗೆ ಅಂಟಂಟು ಅಂದ್ರೆ ಅದು ಅರಗು, ಏನೂ ಆಗ್ಲಿಲ್ಲ ಅಂದ್ರೆ ವಾರ್ನಿಶ್ಶೋ ಮೆಲಮೈನೋ ಇರುತ್ತೆ. ಇದು ಅರಗೇ, ನಂಗೆ ಗೊತ್ತು, ನಾನು ಚಿಕ್ಕೋಳಿದ್ದಾಗ ಆಚಾರ್ರು ಮನೆ ಜಗಲೀಲೇ ಕೂತು ಫ್ರೆಂಚ್ ಪಾಲಿಶ್, ಅಂದ್ರೆ ಹತ್ತಿ ಉಂಡೇಲಿ ಅರಗು ಹಚ್ಚೋದು, ಮಾಡ್ತಿದ್ರು, ನಾನು ಹತ್ತಿ ಹರಿದು ಕೊಡ್ತಿದ್ದೆ. ಆದ್ರೂ ನಿನ್ನ ಕೈಯಾರೆ ನೋಡ್ಕೋ. ಮಹಾಭಾರತದಲ್ಲಿ ಪಾಂಡವರನ್ನ ಸುಡೋಕೆ ಅರಗಿನ ಮನೆ ಕಟ್ಸಿದ್ರಲ್ಲ, ಅದೇ ಅರಗು, ಮುತ್ತುಗ ಬೋರೆ ಮರದ ಕೊಂಬೆ ಮೇಲೆ ಒಂದು ಪುಟಾಣಿ ಹುಳ ಬಿಡೋ ಅಂಟು, ಚನ್ನಪಟ್ಟಣದ ಬೊಂಬೆಗೆ ಬಣ್ಣದ ಹೊಳಪು ಬರೋದೂ ಅದರಿಂದ್ಲೇ.

ಅರಗು ಬಿಸಿಗೆ ಮೆತ್ತಗಾಗುತ್ತೆ, ತೇವ ಒಳಗೆ ಸೇರಿದ್ರೆ ಬೆಳ್ಳಗಾಗುತ್ತೆ, ನಿನ್ನ ಬಿಳಿ ಉಂಗುರ ಪಾಲಿಶಲ್ಲಿ ಮಾತ್ರ ಇದೆ, ಮರಕ್ಕೇನೂ ಆಗಿಲ್ಲ. ಹಳೇ ಪಂಚೆ ಬಟ್ಟೆಗೆ ಸ್ಪಿರಿಟ್ ಮುಟ್ಟಿಸಿ, ಚೆನ್ನಾಗಿ ಹಿಂಡಿ, ಉಂಗುರದ ಮೇಲೆ ಸರಕ್ಕನೆ ಒಂದು ಸಲ ಎಳಿ, ನಿಲ್ಸಬೇಡ, ನಿಂತ್ರೆ ಬಟ್ಟೆ ಅಂಟ್ಕೊಂಡು ಪಾಲಿಶ್ ಕಿತ್ಕೊಂಡು ಬರುತ್ತೆ. ಎರಡ್ಮೂರು ಸಲಕ್ಕೆ ಮಾಯ ಆಗುತ್ತೆ. ಮುಚ್ಚಳದ ಒಳಗಡೆ ಇಂಕಿನ ಕಲೆ ಇದ್ಯಲ್ಲ, ಅದನ್ನ ಮಾತ್ರ ಮುಟ್ಟಬೇಡ, ತಾತ ಲೆಕ್ಕ ಬರೀತಾ ಪೆನ್ನು ಕೊಡವಿದ್ದು ಅದು.

ಕಾಲಿನ ವಿಷ್ಯ. ಫೆವಿಕಾಲ್ ಸುರಿದು ಒತ್ತಿಬಿಟ್ರೆ ನಿಲ್ಲಲ್ಲ, ಯಾಕಂದ್ರೆ ಕೀಲಿನೊಳಗೆ ಹಳೇ ಸರೇಸು ಇದೆ, ಚರ್ಮ ಮೂಳೆ ಕಾಯಿಸಿ ಮಾಡಿದ ಅಂಟು, ಫೆವಿಕಾಲ್‌ಗೆ ಮರ ಸಿಗಬೇಕು, ಹಳೇ ಅಂಟಿನ ಮೇಲೆ ಹಿಡಿಯಲ್ಲ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿಡು, ಸರೇಸು ಮೆತ್ತಗಾಗಿ ಕಾಲು ತಾನೇ ಬಿಟ್ಕೊಳ್ಳುತ್ತೆ (ನೀರು ಪಾಲಿಶಿಗೆ ತಾಗದಂಗೆ ನೋಡ್ಕೋ). ಹಳೇ ಅಂಟು ಪೂರ್ತಿ ಕೆರೆದು, ಒಂದಿನ ಒಣಗಿಸಿ, ಆಮೇಲೆ ಫೆವಿಕಾಲ್ ಹಚ್ಚಿ ಕೂರಿಸು. ಕ್ಲ್ಯಾಂಪ್ ಕೊಳ್ಳೋದೇನೂ ಬೇಡ, ಹಗ್ಗ ಸುತ್ತಿ ಮಧ್ಯ ಒಂದು ಸೌಟಿನ ಹಿಡಿ ತೂರಿಸಿ ತಿರುಚು, ಬಿಗಿಯಾದ ಮೇಲೆ ಒಂದು ದಿನ ಹಾಗೇ ಬಿಡು. ಮೊಳೆ ಹೊಡೀಬೇಡ, ತೇವ ತಾಗಿದ್ರೆ ಕಬ್ಬಿಣ ಮರದಲ್ಲಿ ಕಪ್ಪು ಕಲೆ ಮಾಡುತ್ತೆ, ಮರ ಸೀಳೂ ಬಿಡುತ್ತೆ.

ಪುಡಿ ಉದುರ್ತಿರೋದು ಕುಟ್ಟೆ ಹುಳ. ಹೊರಗಿಂದೆಲ್ಲಾ ತೇಗದ ಚೇಗು, ಅಂದ್ರೆ ಮರದ ನಡುವಿನ ಗಟ್ಟಿ ಭಾಗ, ಅದಕ್ಕೆ ಸುಲಭಕ್ಕೆ ಹುಳ ಬೀಳಲ್ಲ, ಡ್ರಾಯರ್ ತಳ ಮಾತ್ರ ಮಾವಿನ ಹಲಗೆ, ಹುಳಕ್ಕೆ ಹಬ್ಬ. ನೀನು ನೋಡಿದ ತೂತೆಲ್ಲ ಹುಳ ಒಳಗೆ ಹೋಗಿದ್ದಲ್ಲ, ಒಳಗೆ ಬೆಳೆದು ಹೊರಗೆ ಬಂದಿದ್ದು. ಈಗ್ಲೂ ಇದ್ಯಾ ಅಂತ ತಿಳ್ಕೋಬೇಕಂದ್ರೆ ತಳ ಒರೆಸಿ ಕೆಳಗೆ ಕಪ್ಪು ಪೇಪರ್ ಹಾಸಿ ಎರಡ್ಮೂರು ವಾರ ಬಿಡು, ಹೊಸದಾಗಿ ಹಿಟ್ಟಿನಂಥ ಪುಡಿ ಬಿದ್ರೆ ಇದೆ ಅಂತ. ಮರದ ಹುಳಕ್ಕೆ ಅಂತ್ಲೇ ಹಾರ್ಡ್‌ವೇರ್ ಅಂಗಡೀಲಿ ಔಷಧಿ ಸಿಗುತ್ತೆ, ಗ್ಲೌಸ್ ಹಾಕ್ಕೊಂಡು ಸಿರಿಂಜಲ್ಲಿ ಪ್ರತಿ ತೂತಿಗೂ ಬಿಡು. ಬೆರಳಲ್ಲಿ ಒತ್ತಿದ್ರೆ ಹಲಗೆ ಕುಸಿಯುತ್ತೆ ಅಂತಿದ್ರೆ ಆ ತಳ ಒಂದನ್ನೇ ಬದಲಾಯ್ಸು.

ಪಾಲಿಶ್ ಕೊನೇಗೆ, ಮಳೆ ನಿಂತ ಮೇಲೆ. ಈ ತಂಡಿ ಗಾಳೀಲಿ ಹಚ್ಚಿದ್ರೆ ಬೆಳ್ಳಗೆ ಮಂಜು ಕೂತಂಗೆ ಆಗುತ್ತೆ. 100 ಗ್ರಾಂ ಅರಗಿನ ಚಕ್ಕೆ ಅರ್ಧ ಲೀಟರ್ ಸ್ಪಿರಿಟಲ್ಲಿ ರಾತ್ರಿ ನೆನೆಸಿಟ್ಟು ಬಟ್ಟೇಲಿ ಸೋಸ್ಕೋ, ಗಾಜಿನ ಬಾಟ್ಲೀಲಿಡು, ಆಗಾಗ ಬೇಕಾದಷ್ಟೇ ಮಾಡ್ಕೋ, ತಿಂಗಳುಗಟ್ಟಲೆ ಇಟ್ಟಿದ್ದು ಸರಿಯಾಗಿ ಒಣಗಲ್ಲ. 400 ನಂಬರ್ ಸ್ಯಾಂಡ್ ಪೇಪರಲ್ಲಿ ಮರದ ಎಳೆ ಹೋದ ಕಡೆಗೇ ಹಗುರಾಗಿ ಕೈ ಆಡ್ಸು, ಅಡ್ಡಡ್ಡ ಉಜ್ಜಿದ ಗೆರೆ ಪಾಲಿಶ್ ಬಿದ್ಮೇಲೆ ಎದ್ದು ಕಾಣುತ್ತೆ. ಹತ್ತಿ ಉಂಡೆಗೆ ಪಂಚೆ ಬಟ್ಟೆ ಸುತ್ತಿ, ಅರಗಲ್ಲಿ ನೆನೆಸಿ, ಕೈ ಬೆನ್ನ ಮೇಲೆ ಒತ್ತಿ ನೋಡು, ಸ್ವಲ್ಪ ತೇವ ಅನ್ನಿಸ್ಬೇಕು ಅಷ್ಟೇ, ಹನಿ ಬೀಳ್ಬಾರ್ದು. ತೆಳ್ಳಗೆ ಒಂದು ಕೋಟು, ಒಣಗಿದ್ಮೇಲೆ ಇನ್ನೊಂದು, ಎಂಟು ಹತ್ತು ಆದ್ರೂ ಬೇಕು. ಕಿಟಕಿ ತೆಗೆದಿಟ್ಕೋ, ಆ ರೂಮಲ್ಲಿ ದೀಪ ಊದುಬತ್ತಿ ಏನೂ ಹಚ್ಚಬೇಡ, ಸ್ಪಿರಿಟ್ ಆವಿಗೇ ಬೆಂಕಿ ಹತ್ಕೊಳ್ಳುತ್ತೆ.

ನನ್ನ ಹತ್ರ ಕಾಲು ಕೆಜಿ ಚಕ್ಕೆ ಇದೆ, ಅಪ್ಪನ ಹಳೇ ಪಂಚೆ ಎರಡರ ಜೊತೆ ಕಟ್ಟಿಟ್ಟಿದೀನಿ, ದಸರಾ ರಜಕ್ಕೆ ಬರೋವಾಗ ತರ್ತೀನಿ. ಅಷ್ಟರೊಳಗೆ ಕಾಲು ಕೂರಿಸಿರು, ಕಪ್ಪು ಪೇಪರ್ ಇವತ್ತೇ ಹಾಸು, ಆಮೇಲೆ ಒಂದು ಫೋಟೋ ಕಳ್ಸು.

ಅಮ್ಮ